ರೂಪಾಯಿನೋ, ದಿರ್ಹಮ್ಮೋ?

ನಮ್ಮ ಬಾಶೆಟ್ಟಿಹಳ್ಳಿಯವರಿಗೆ ವಿಮಾನದ ಸದ್ದು ಹೊಸದಲ್ಲ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಕೇಳುತ್ತಲೇ ಇದ್ದೇವೆ. ಆದರೆ ಅಮ್ಮ ಅದನ್ನು ಹತ್ತಿದ್ದು 2024ರ ಡಿಸೆಂಬರ್‌ನಲ್ಲಿ, ಅದೇ ಮೊದಲು. ದುಬೈನಲ್ಲಿರುವ ತಂಗಿಯ ಬಾಣಂತನಕ್ಕೆ ಹೋದಳು.

ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತಿ ಕೂಡಿಟ್ಟ ದುಡ್ಡು ಅವಳ ಖಾತೆಯಲ್ಲಿತ್ತು. ಮೊಮ್ಮಗಳ ಕಿವಿಗೆ ಮೊದಲ ಓಲೆ ಅಜ್ಜಿಯ ದುಡ್ಡಲ್ಲೇ ಆಗಬೇಕು ಅನ್ನೋದು ಅವಳ ಹಟ.

ನಮ್ಮ ಎಟಿಎಂ ಕಾರ್ಡ್ ಹೊರದೇಶದಲ್ಲಿ ತಾನಾಗಿಯೇ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್ ದೇಶದೊಳಗೆ ಮಾತ್ರ. ಹೊರಗೆ ಬೇಕಿದ್ದರೆ ನಾವೇ ಆನ್ ಮಾಡಿಸಿಕೊಳ್ಳಬೇಕು. ಅಮ್ಮನ ಫೋನಿನಲ್ಲಿ ನಾನೇ ಆನ್ ಮಾಡಿದೆ. ಕೆಳಗೆ ಶುಲ್ಕದ ಬಗ್ಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಓದಲಿಲ್ಲ. 'ಬ್ಯಾಂಕ್ ವ್ಯವಹಾರ: ಎಚ್ಚರ ವಹಿಸಿ' ಅಂತ ಪತ್ರಿಕೆಗೆ ಸುದ್ದಿ ಕಳಿಸುವವನು ನಾನು!

ವಾಪಸ್ ಬಂದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು. 12,000 ರೂಪಾಯಿ ಕಡಿತ. ಅದರ ಕೆಳಗೆ ಇನ್ನೆರಡು ಸಾಲು: 420 ರೂಪಾಯಿ, 75 ರೂಪಾಯಿ 60 ಪೈಸೆ.

"ಯಾರೋ ಕದ್ದವ್ರೆ ಕಣೋ ಮಗ" ಅಂದಳು ಅಮ್ಮ. ಓಲೆಯ ರಸೀದಿಯನ್ನು ಮಡಚಿ ಪಾಸ್‌ಬುಕ್ಕಿನೊಳಗೇ ಇಟ್ಟಿದ್ದಳು. ಅದರಲ್ಲಿ ಬೆಲೆ 500 ದಿರ್ಹಮ್. ಆಗ ಒಂದು ದಿರ್ಹಮ್‌ಗೆ ಸುಮಾರು 23 ರೂಪಾಯಿ. ಅಂದರೆ 11,500 ಆಗಬೇಕಿತ್ತು. ಹೋಗಿದ್ದು 12,495.60. ಹತ್ತಿರ ಹತ್ತಿರ ಸಾವಿರ ಹೆಚ್ಚು. ಅಮ್ಮನಿಗೆ ಅದು ಮೂರು ದಿನದ ಕೂಲಿ.

ಬ್ಯಾಂಕಿಗೆ ಹೋಗಿ ಕೇಳಿದೆ. ಕಳ್ಳತನವಲ್ಲ, ಚಾರ್ಜು ಅಂದರು. ಲೆಕ್ಕ ಹೀಗಿತ್ತು.

ಬಿಲ್ ಮಾಡುವಾಗ ತಂಗಿಯ ಗಂಡ ಹೊರಗೆ ಕಾರು ನಿಲ್ಲಿಸಲು ಹೋಗಿದ್ದ. ಅಂಗಡಿ ಹುಡುಗ ಮಿಷನ್ ತೋರಿಸಿ ರೂಪಾಯಿನೋ ದಿರ್ಹಮ್ಮೋ ಅಂತ ಕೇಳಿದ್ದಾನೆ. "ನಮ್ದು ರೂಪಾಯಿ ತಾನೆ, ಅದನ್ನೇ ಒತ್ತಪ್ಪ ಅಂದೆ" ಅಂದಳು ಅಮ್ಮ. ರೂಪಾಯಿ ಒತ್ತಿದರೆ ಹಣ ಬದಲಾಯಿಸುವ ಕೆಲಸ ಆ ಅಂಗಡಿಯ ಮಿಷನ್‌ನಲ್ಲೇ ಆಗುತ್ತದೆ. ದರವೂ ಮಿಷನ್ ಕಡೆಯವರದೇ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತ ಹೆಸರು. 23ರ ಬದಲು 24 ಹಾಕಿದ್ದರು. ಅಲ್ಲಿಗೆ 500 ರೂಪಾಯಿ ಹೋಯಿತು.

ಅದರ ಮೇಲೆ ನಮ್ಮ ಬ್ಯಾಂಕು ಹೊರದೇಶದ ವ್ಯವಹಾರಕ್ಕೆ ನೂರಕ್ಕೆ ಮೂರೂವರೆ ರೂಪಾಯಿ ಮಾರ್ಕಪ್ ಹಾಕಿತು, ಅದು 420. ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ, ಅದು 75.60. ರೂಪಾಯಿಯಲ್ಲೇ ಕೊಟ್ಟರೂ ಅಂಗಡಿ ಹೊರದೇಶದ್ದು ಅಂತ ಕೆಲವು ಬ್ಯಾಂಕುಗಳು ಹೀಗೆ ಚಾರ್ಜು ಹಾಕುತ್ತವೆ.

ದಿರ್ಹಮ್ ಒತ್ತಿದ್ದರೆ? 11,500ರ ಮೇಲೆ ಮಾರ್ಕಪ್ 402.50, ಜಿಎಸ್‌ಟಿ 72.45. ಒಟ್ಟು ಸುಮಾರು 11,975. ಚಾರ್ಜು ಪೂರ್ತಿ ತಪ್ಪುತ್ತಿರಲಿಲ್ಲ, ಆದರೆ 520 ರೂಪಾಯಿ ಉಳಿಯುತ್ತಿತ್ತು.

ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ನಾನು ಓದ್ದೋಳಲ್ಲ, ಅದ್ಕೇ ಹಿಂಗಾಯ್ತು" ಅಂದಳು. ಕೇಳಿ ಸಂಕಟವಾಯಿತು. ಗೊತ್ತಿರುವ ದುಡ್ಡನ್ನು ಆರಿಸಿಕೊಂಡಿದ್ದು ಅವಳ ತಪ್ಪಲ್ಲ. ಓದಿಕೊಂಡ ನಾನು ಆ ಒಂದು ಸಾಲು ಓದಲಿಲ್ಲ, ಅದು ತಪ್ಪು.

ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿದ್ದರೆ ಮೊದಲು ಬ್ಯಾಂಕಿನಲ್ಲಿ ಮೂರು ಮಾತು ಕೇಳಿ. ಮಾರ್ಕಪ್ ನೂರಕ್ಕೆ ಎಷ್ಟು? ಅಲ್ಲಿನ ಎಟಿಎಂನಲ್ಲಿ ಹಣ ತೆಗೆದರೆ ಪ್ರತಿ ಸಲ ಎಷ್ಟು? ಫಾರೆಕ್ಸ್ ಕಾರ್ಡ್ ಮಾಡಿಸಿದರೆ ಕಮ್ಮಿ ಆಗುತ್ತಾ? ಫಾರೆಕ್ಸ್ ಕಾರ್ಡ್ ಅಂದರೆ ಇಲ್ಲೇ ಆ ದೇಶದ ಹಣ ತುಂಬಿಸಿಕೊಂಡು ಹೋಗುವ ಕಾರ್ಡ್. ಎಟಿಎಂನಲ್ಲಿ ನಮ್ಮ ಬ್ಯಾಂಕಿನ ಚಾರ್ಜಿನ ಜೊತೆ ಅಲ್ಲಿನ ಬ್ಯಾಂಕೂ ಶುಲ್ಕ ಹಿಡಿಯಬಹುದು. ಹಾಗಾಗಿ ಸ್ವಲ್ಪ ಸ್ವಲ್ಪವೇ ನಾಲ್ಕು ಸಲ ತೆಗೆಯುವುದಕ್ಕಿಂತ ಬೇಕಾದಷ್ಟನ್ನು ಒಂದೇ ಸಲ ತೆಗೆಯುವುದು ಮೇಲು. ಊರಿಗೆ ವಾಪಸ್ ಬಂದ ಮೇಲೆ ಹೊರದೇಶದ ಬಳಕೆ ಆಫ್ ಮಾಡುವುದನ್ನು ಮರೆಯಬೇಡಿ.

ಮೊನ್ನೆ ಪಕ್ಕದ ಬೀದಿಯವರು ಮಗನನ್ನು ಶಾರ್ಜಾಗೆ ಕಳಿಸುವ ಮುಂಚೆ ವಿಚಾರಿಸಲು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮ ಹೇಳಿದಳು: "ಮಿಷನ್ನಲ್ಲಿ ರೂಪಾಯಿ ಅಂತ ಬಂದ್ರೆ ಒತ್ತಬ್ಯಾಡ ಅಂತ ಹೇಳಣ್ಣ ನಿನ್ನ ಮಗುಂಗೆ. ಆ ಊರಿನ ದುಡ್ಡೇ ಒತ್ತಲಿ."