ಒಂದು ಅಲ್ಪವಿರಾಮದ ಬೆಲೆ

"ಕಾಮರ್ಸ್‌ನವರಿಗೆ ಸಿ ಭಾಷೆ ಯಾಕೆ?" ಎಂದು ಸೈನ್ಸ್ ವಿಭಾಗದ ಗೆಳತಿಯರು ಕೇಳುತ್ತಾರೆ. ನನಗೆ ಅದು ಬೇಕಾದದ್ದು ಅಬ್ಬಾ ಅವರ ಪ್ಲೈವುಡ್ ಅಂಗಡಿಯ ಉದ್ರಿ ಲೆಕ್ಕಕ್ಕೆ.

ನಮ್ಮ ಮನೆಯಲ್ಲಿ ಹಣದ ಮಾತೆಲ್ಲ ಉರ್ದುವಿನಲ್ಲೇ. ಅಬ್ಬಾ "ಸವಾ ಲಾಖ್" ಎನ್ನುತ್ತಾರೆ. ಕನ್ನಡದ ಗಿರಾಕಿಗೆ ಅದೇ ಒಂದೂಕಾಲು ಲಕ್ಷ. ಖಾತೆ ಪುಸ್ತಕದಲ್ಲಿ ನಾನು ಬರೆಯುವುದು 1,25,000. ಮೂವರಿಗೂ ಅರ್ಥವಾಗುತ್ತದೆ. ಆದರೆ ಸಿ ಭಾಷೆಯಲ್ಲಿ ಬರಹವನ್ನು ಸಂಖ್ಯೆಯಾಗಿಸುವ ಎಟಿಒಎಲ್ ಫಂಕ್ಷನ್‌ಗೆ ಇದನ್ನು ಕೊಟ್ಟರೆ ಉತ್ತರ ಬರೀ 1! ಮೊದಲ ಅಲ್ಪವಿರಾಮ ಕಂಡ ಕೂಡಲೇ ಅದು ಓದುವುದನ್ನು ನಿಲ್ಲಿಸುತ್ತದೆ.

ಹಾಗಾಗಿ ಮೊದಲು ಅಲ್ಪವಿರಾಮಗಳನ್ನು ತೆಗೆಯಬೇಕು. ಸ್ಟ್ರಿಂಗ್ ಎಂದರೆ ಸಾಲಾಗಿ ಕುಳಿತ ಅಕ್ಷರಗಳು. ನಡುವಿನ ಒಂದನ್ನು ಎಬ್ಬಿಸಿದರೆ ಹಿಂದಿನವು ತಾವಾಗಿ ಮುಂದೆ ಸರಿಯುವುದಿಲ್ಲ, ನಾವೇ ಸರಿಸಬೇಕು. ಅದಕ್ಕೆ ಐ ಮತ್ತು ಜೆ ಎಂಬ ಎರಡು ಎಣಿಕೆಗಳು ಸಾಕು. ಐ ಪ್ರತಿ ಅಕ್ಷರವನ್ನೂ ನೋಡುತ್ತಾ ಹೋಗುತ್ತದೆ. ಉಳಿಸಬೇಕಾದ ಅಕ್ಷರ ಸಿಕ್ಕರೆ ಅದನ್ನು ಜೆ ಇರುವ ಜಾಗದಲ್ಲಿ ಬರೆದು ಜೆಯನ್ನು ಒಂದು ಹೆಚ್ಚಿಸುತ್ತೇವೆ. ಅಲ್ಪವಿರಾಮ ಬಂದರೆ ಜೆ ಇದ್ದಲ್ಲೇ ಇರುತ್ತದೆ.

ಕೊನೆಗೆ ಜೆ ಇರುವ ಜಾಗದಲ್ಲಿ ನಲ್ ಅಕ್ಷರ, ಅಂದರೆ ಸ್ಟ್ರಿಂಗ್ ಮುಗಿಯಿತು ಎಂಬ ಗುರುತು ಹಾಕಲೇಬೇಕು. ಹಾಕದಿದ್ದರೆ? 1,25,000 ರಲ್ಲಿ ಒಟ್ಟು 8 ಅಕ್ಷರಗಳಿವೆ. 6 ಅಂಕಿಗಳು ಮುಂದೆ ಬಂದ ಮೇಲೂ ಕೊನೆಯ 2 ಸೊನ್ನೆಗಳು ಹಳೆಯ ಜಾಗದಲ್ಲೇ ಉಳಿದಿರುತ್ತವೆ. ಆಗ ಓದಿದರೆ 12500000. ಒಂದೂಕಾಲು ಲಕ್ಷದ ಸಾಲ ಒಂದೂಕಾಲು ಕೋಟಿಯಾಯಿತು!

ಅಂಕಿಯಲ್ಲದ್ದನ್ನೆಲ್ಲ ತೆಗೆದುಹಾಕಿದರೆ ಸುಲಭವಲ್ಲವೇ ಎಂದು ಕೇಳಬಹುದು. ಆದರೆ 450.50 ರ ಚುಕ್ಕಿ ಹೋದರೆ 45050 ಆಗುತ್ತದೆ. ಮುಂಗಡ ಕೊಟ್ಟವರ ಮೊತ್ತಕ್ಕೆ ನಾವು ಮೈನಸ್ ಗುರುತು ಹಾಕುತ್ತೇವೆ. ಅದು ಹೋದರೆ ನಾವು ಅವರಿಗೆ ಕೊಡಬೇಕಾದ ಹಣ, ಅವರು ನಮಗೆ ಕೊಡಬೇಕಾದ ಹಣವಾಗಿಬಿಡುತ್ತದೆ. ಆದ್ದರಿಂದ ನಾನು ತೆಗೆಯುವುದು ಅಲ್ಪವಿರಾಮ, ಖಾಲಿ ಜಾಗ ಇವೆರಡನ್ನೇ. ಪೈಸೆ ಇರುವ ಮೊತ್ತಕ್ಕೆ ಎಟಿಒಎಫ್ ಬಳಸುತ್ತೇನೆ.

ಅಂಗಡಿಗೆ ಬರುವ ಬಡಗಿ ಚಾಚಾ ಒಬ್ಬರಿಗೆ ಓದಲು ಬರುವುದಿಲ್ಲ. ನಾವು ಹೇಳಿದ ಬಾಕಿಯನ್ನೇ ನಂಬಿ ಕೊಡುತ್ತಾರೆ. "ಲೆಕ್ಕವೂ ಅಮಾನತ್ ಬೇಟಿ" ಎನ್ನುತ್ತಾರೆ ಅಬ್ಬಾ. ಅದಕ್ಕೇ ಕಂಪ್ಯೂಟರ್ ತೋರಿಸಿದ ಮೊತ್ತವನ್ನು ಖಾತೆ ಪುಸ್ತಕದೊಂದಿಗೆ ತಾಳೆ ನೋಡಿದ ಮೇಲೆಯೇ ನಾನು ಚಾಚಾಗೆ ಹೇಳುವುದು.