ಓಡಿಹೋದ ಮೊಮ್ಮಗ, ನಕ್ಕ ಅಜ್ಜ

ಜರ್ಮನಿಯ ನೈರುತ್ಯಕ್ಕೆ ‘ಕಪ್ಪು ಕಾಡು’ ಎಂಬ ಹೆಸರಿನ ಮಲೆಸೀಮೆಯಿದೆ. ಅದರ ಉತ್ತರದ ಅಂಚಿನಲ್ಲಿ, ಸ್ಟುಟ್‌ಗಾರ್ಟ್ ನಗರದಿಂದ ಸುಮಾರು 40 ಕಿಲೋಮೀಟರು ಪಶ್ಚಿಮಕ್ಕೆ, ಕಾಲ್ವ್ ಎಂಬ ಪುಟ್ಟ ಊರು. ಎರಡೂ ಕಡೆ ಕಡಿದಾದ ಗುಡ್ಡ, ನಡುವೆ ನಾಗೋಲ್ಡ್ ನದಿ, ನದಿಯ ಬದಿಯಲ್ಲಿ ಒತ್ತಾಗಿ ನಿಂತ ಮರದ ಚೌಕಟ್ಟಿನ ಹಳೆಯ ಮನೆಗಳು. ಹೊಳೆಗೆ ಅಡ್ಡಲಾಗಿ ಸುಮಾರು 1400ರ ಕಾಲದ ಕಲ್ಲಿನ ಸೇತುವೆ. ಸೇತುವೆಯ ನಡುವೆಯೇ ಸಂತ ನಿಕೊಲಾಸನ ಪುಟ್ಟ ಪ್ರಾರ್ಥನಾ ಮಂದಿರ. 2002ರಿಂದ ಅದೇ ಸೇತುವೆಯ ಮೇಲೆ ಆಳೆತ್ತರದ ಒಂದು ಕಂಚಿನ ಪ್ರತಿಮೆಯೂ ನಿಂತಿದೆ. ಅದು ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ, 1946ರ ನೊಬೆಲ್ ಪುರಸ್ಕೃತ ಹೆರ್ಮನ್ ಹೆಸ್ಸೆಯದು.

ಹೆಸ್ಸೆ ಹುಟ್ಟಿದ್ದು 1877ರ ಜುಲೈ 2ರಂದು, ಇದೇ ಊರಿನ ಪೇಟೆಚೌಕದ ಮನೆಯೊಂದರಲ್ಲಿ. ಪ್ರವಾಸಿಗಳು ಆ ಮನೆಯನ್ನು ನೋಡಿ, ಪ್ರತಿಮೆಯ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಆದರೆ ನಮ್ಮ ಕರಾವಳಿಯವರು ಇಲ್ಲಿ ಹುಡುಕಬೇಕಾದ ಮನೆ ಇನ್ನೊಂದಿದೆ. ಅದು ಬಿಷಪ್ ಬೀದಿಯಲ್ಲಿ ಕ್ರೈಸ್ತ ಪುಸ್ತಕ ಪ್ರಕಾಶನ ಸಂಘವಿದ್ದ ಮನೆ. ಹೆಸ್ಸೆಯ ತಾಯಿಯ ತಂದೆ ಹೆರ್ಮನ್ ಗುಂಡರ್ಟ್ 1862ರಿಂದ ಕೊನೆಯುಸಿರಿನವರೆಗೂ ಆ ಸಂಘದ ಮುಖ್ಯಸ್ಥರಾಗಿದ್ದರು.

ಮಂಗಳೂರಿನಿಂದ ಕಾಸರಗೋಡು, ಕಣ್ಣೂರು ದಾಟಿ ರೈಲಿನಲ್ಲಿ ಸುಮಾರು 150 ಕಿಲೋಮೀಟರು ಹೋದರೆ ತಲಶ್ಶೇರಿ. ಅಲ್ಲಿನ ಇಲ್ಲಿಕ್ಕುನ್ನು ಗುಡ್ಡದ ಬಂಗಲೆಯಲ್ಲಿ ಗುಂಡರ್ಟ್ 1839ರಿಂದ ಹಲವು ವರ್ಷ ಬಾಸೆಲ್ ಮಿಷನ್ನಿನ ಕೆಲಸ ಮಾಡಿದರು. ಮಲಯಾಳ ಕಲಿತು ಅದಕ್ಕೆ ವ್ಯಾಕರಣ ಬರೆದರು, 1847ರಲ್ಲಿ ‘ರಾಜ್ಯಸಮಾಚಾರಂ’ ಪತ್ರಿಕೆ ಹೊರಡಿಸಿದರು. ಅವರ ದೊಡ್ಡ ಮಲಯಾಳ-ಇಂಗ್ಲಿಷ್ ನಿಘಂಟು 1872ರಲ್ಲಿ ಪ್ರಕಟವಾದದ್ದು ನಮ್ಮ ಮಂಗಳೂರಿನಿಂದ. ಇಪ್ಪತ್ತೆರಡು ವರ್ಷಗಳ ಅನಂತರ, 1894ರಲ್ಲಿ, ಕಿಟ್ಟೆಲ್ಲರ ಕನ್ನಡ ನಿಘಂಟು ಹೊರಬಂದದ್ದೂ ಅದೇ ಊರಿನಿಂದಲೇ. ಗುಂಡರ್ಟರ ಅಳಿಯ, ಅಂದರೆ ಹೆಸ್ಸೆಯ ತಂದೆ ಯೋಹಾನೆಸ್ ಕೂಡ ಮಂಗಳೂರಿನಲ್ಲಿ ಮಿಷನ್ನಿನ ಕೆಲಸದಲ್ಲಿದ್ದು, ಆರೋಗ್ಯ ಕೆಟ್ಟು 1873ರಲ್ಲಿ ಯುರೋಪಿಗೆ ಮರಳಿದವರು.

ಗುಂಡರ್ಟ್ ಮೊದಲಿನಿಂದಲೂ ನಗುವ ಅಜ್ಜನಾಗಿರಲಿಲ್ಲ. ತಂದೆಯಾಗಿ ಅವರು ಬಿಗಿ ಸ್ವಭಾವದವರು. ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಆಗಿನ ಮಿಷನರಿಗಳ ರೂಢಿಯಂತೆ ಅವಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಕೆಲಸಕ್ಕೆ ಹಿಂತಿರುಗಿದರು. ಹದಿನೈದರ ಹುಡುಗಿಯಾಗಿ 1857ರಲ್ಲಿ ಅವಳು ಮತ್ತೆ ಭಾರತಕ್ಕೆ ಬಂದಳು. ಹಡಗಿನಲ್ಲಿ ಪರಿಚಯವಾದ ಇಂಗ್ಲಿಷ್ ತರುಣನೊಬ್ಬನ ಮೇಲೆ ಮನಸ್ಸಿಟ್ಟಿದ್ದಳು. ಅಪ್ಪ ಒಪ್ಪಲಿಲ್ಲ. ಮಾತು ಅಲ್ಲಿಗೇ ಮುಗಿಯಿತು. ಭಕ್ತಿ, ಶಿಸ್ತು, ವಿಧೇಯತೆ ಎಂಬ ಮೂರು ಕಂಬಗಳ ಮೇಲೆ ನಿಂತಿದ್ದ ಮನೆ ಅದು.

ವಯಸ್ಸು ಆ ತಂದೆಯನ್ನು ಮೆದುಗೊಳಿಸಿರಬೇಕು. ಮೊಮ್ಮಗ ಕಂಡ ಅಜ್ಜ ಬಿಳಿಗಡ್ಡದ, ಪುಸ್ತಕಗಳ ನಡುವೆ ಕುಳಿತಿರುತ್ತಿದ್ದ, ಕಣ್ಣಿನ ಆಳದಲ್ಲಿ ನಗು ಅಡಗಿಸಿಟ್ಟುಕೊಂಡ ಮುದುಕ. ಅವರಿಗೆ ಭಾರತದ ಹಲವು ಭಾಷೆಗಳು ಬರುತ್ತಿದ್ದವು. ಮನೆಯ ಗಾಜಿನ ಕಪಾಟಿನಲ್ಲಿ ಭಾರತದಿಂದ ಬಂದ ವಸ್ತುಗಳ ಜೊತೆ ಕುಣಿಯುವ ಭಂಗಿಯ ಒಂದು ಪುಟ್ಟ ವಿಗ್ರಹವೂ ಇತ್ತು. ಯೇಸುವಿನ ಸೇವೆಗೆ ಬಾಳನ್ನೇ ಮುಡಿಪಾಗಿಟ್ಟ ಮನೆಯಲ್ಲಿ ಆ ವಿಗ್ರಹಕ್ಕೂ ಜಾಗವಿತ್ತು ಎಂಬುದನ್ನು ಹೆಸ್ಸೆ ಕೊನೆಯವರೆಗೂ ಮರೆಯಲಿಲ್ಲ.

ಕಾಲ್ವ್‌ನಿಂದ ಉತ್ತರಕ್ಕೆ, ಐವತ್ತು ಕಿಲೋಮೀಟರಿನೊಳಗೆ, ಮೌಲ್‌ಬ್ರೊನ್ ಇದೆ. 1147ರಲ್ಲಿ ಸ್ಥಾಪನೆಯಾದ ಅಲ್ಲಿನ ಮಠ 1993ರಿಂದ ವಿಶ್ವ ಪರಂಪರೆಯ ತಾಣ. ಹದಿನಾರನೇ ಶತಮಾನದಿಂದ ಅಲ್ಲಿ ಪ್ರೊಟೆಸ್ಟೆಂಟ್ ವಿದ್ಯಾಲಯ ನಡೆಯಿತು. ಖಗೋಳ ವಿಜ್ಞಾನಿ ಕೆಪ್ಲರ್ ಓದಿದ್ದು ಇಲ್ಲಿಯೇ. ಗುಂಡರ್ಟ್ ಕೂಡ ಇಲ್ಲಿನ ವಿದ್ಯಾರ್ಥಿ. ಇಲ್ಲಿ ಉಚಿತ ಸೀಟು ಬೇಕಾದರೆ ಸರಕಾರದ ಕಠಿಣ ಪರೀಕ್ಷೆ ಪಾಸಾಗಬೇಕಿತ್ತು. ಹೆಸ್ಸೆ 1891ರಲ್ಲಿ ಪಾಸಾದ. ಮುಂದೆ ಪಾದ್ರಿಯಾಗುವುದು ನಿಶ್ಚಯವೆಂದು ಮನೆಯವರು ನಂಬಿದರು.

1892ರ ಮಾರ್ಚ್ 7ರಂದು ಹದಿನಾಲ್ಕರ ಆ ಹುಡುಗ ಯಾರಿಗೂ ಹೇಳದೆ ಶಾಲೆಯಿಂದ ನಡೆದುಬಿಟ್ಟ. ಕೊರೆಯುವ ಚಳಿಯ ರಾತ್ರಿಯನ್ನು ಬಯಲಲ್ಲೇ ಕಳೆದ. ಮರುದಿನ ಅವನನ್ನು ಹಿಡಿದು ಕರೆತಂದರು. ಶಾಲೆಯವರು ಎಂಟು ಗಂಟೆ ಕೋಣೆಯಲ್ಲಿ ಕೂಡಿಹಾಕಿದರು. ಮನೆಯಲ್ಲಿ ಅಳು, ಪ್ರಾರ್ಥನೆ, ನಾಚಿಕೆ. ಆಮೇಲೆ ಊರಿಗೆ ಬಂದವನು ಅಜ್ಜನನ್ನು ಕಂಡು ನಮಸ್ಕರಿಸಬೇಕಿತ್ತು. ಮನೆಗೆಲ್ಲ ಹಿರಿಯರು, ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ಆಗ ಎಪ್ಪತ್ತೆಂಟು ವರ್ಷ. ದೊಡ್ಡ ವಿಚಾರಣೆಯೇ ಕಾದಿದೆಯೆಂದು ಹುಡುಗ ನಡುಗುತ್ತ ಬಾಗಿಲು ತಟ್ಟಿದ.

ಅಜ್ಜ ಬೈಯಲಿಲ್ಲ, ಬೈಬಲಿನ ವಾಕ್ಯವನ್ನೂ ಹೇಳಲಿಲ್ಲ. ಮೊಮ್ಮಗನ ಬಿಳಿಚಿದ ಮುಖವನ್ನು ನೋಡಿ ಮುಗುಳುನಕ್ಕು, ನೀನೊಂದು ‘ಗೆನಿರೈಸ್ಲೆ’ ಮುಗಿಸಿ ಬಂದೆಯಂತೆ ಎಂದು ಕೇಳಿದರು. ‘ಪ್ರತಿಭಾವಂತರ ಪುಟ್ಟ ಪ್ರವಾಸ’ ಎಂದು ಆ ಮಾತನ್ನು ಕನ್ನಡಿಸಬಹುದು. ಅಜ್ಜನ ಕಾಲದ ವಿದ್ಯಾರ್ಥಿಗಳು ಇಂಥ ಪಲಾಯನಗಳಿಗೆ ಇಟ್ಟಿದ್ದ ತಮಾಷೆಯ ಹೆಸರು ಅದು. ಊರೆಲ್ಲ ಅಪರಾಧವೆಂದದ್ದನ್ನು ಅಜ್ಜ ಒಂದೇ ಮಾತಿನಲ್ಲಿ ತಿರುಗಾಟವಾಗಿಸಿದರು. ಹೆಸ್ಸೆ ಮುಪ್ಪಿನಲ್ಲೂ ಈ ಪ್ರಸಂಗವನ್ನು ಕೃತಜ್ಞತೆಯಿಂದ ನೆನೆದಿದ್ದಾರೆ.

ಒಂದು ನಗುವಿನಿಂದ ಎಲ್ಲವೂ ಸರಿಹೋಯಿತೆಂದಲ್ಲ. ಎರಡು ತಿಂಗಳಲ್ಲಿ ಹುಡುಗ ಶಾಲೆ ಬಿಟ್ಟ. ಜೀವವೇ ಬೇಡವೆನ್ನುವಷ್ಟು ಕುಗ್ಗಿದ. ಚಿಕಿತ್ಸೆಗೆಂದು ಬೇರೆ ಬೇರೆ ಕಡೆ ಸೇರಿಸಬೇಕಾಯಿತು. 1893ರ ಏಪ್ರಿಲ್ 25ರಂದು ಅಜ್ಜ ತೀರಿಕೊಂಡಾಗಲೂ ಮೊಮ್ಮಗ ದಡ ಸೇರಿರಲಿಲ್ಲ. ಆಮೇಲೆ ಕಾಲ್ವ್‌ನ ಗಡಿಯಾರ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತ, 1895ರಲ್ಲಿ ಟ್ಯೂಬಿಂಗೆನ್ನಿನ ಪುಸ್ತಕದಂಗಡಿ ಸೇರಿದ. ಅಲ್ಲಿಂದ ದಾರಿ ತೆರೆಯಿತು.

ಹೆಸ್ಸೆಗೆ ಇನ್ನೊಬ್ಬ ಅಜ್ಜನೂ ಇದ್ದರು, ತಂದೆಯ ತಂದೆ. ಇವರ ಊರು ದೂರದ ಎಸ್ಟೋನಿಯಾದ ಪೈದೆ. ಜರ್ಮನ್ ಭಾಷಿಕರು ಅದನ್ನು ವೈಸೆನ್‌ಸ್ಟೈನ್, ಅಂದರೆ ‘ಬಿಳಿಗಲ್ಲು’ ಎನ್ನುತ್ತಿದ್ದರು. ಸುಣ್ಣಕಲ್ಲಿನ ಕೋಟೆಯ ಬುರುಜೇ ಆ ಊರಿನ ಗುರುತು. 1941ರ ಯುದ್ಧದಲ್ಲಿ ಸಿಡಿಸಿಹಾಕಿದ ಬುರುಜನ್ನು 1993ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿ ವೈದ್ಯರಾಗಿದ್ದ ಕಾರ್ಲ್ ಹೆರ್ಮನ್ ಹೆಸ್ಸೆ ದೈವಭಕ್ತರು, ಅನಾಥ ಮಕ್ಕಳಿಗೆ ಮನೆ ಕಟ್ಟಿಸಿದವರು, ಜೊತೆಗೆ ಊರನ್ನೇ ನಗಿಸುತ್ತಿದ್ದವರು. ಎಂಬತ್ತಮೂರರ ವಯಸ್ಸಿನಲ್ಲಿ ಮರ ಹತ್ತಿ, ತಾವು ಕುಳಿತ ಕೊಂಬೆಯನ್ನೇ ಗರಗಸದಿಂದ ಕುಯ್ದು ಕೊಂಬೆಯ ಜೊತೆಗೇ ಕೆಳಗಿಳಿದರೆಂಬ ಕಥೆ ಅವರ ಬಗ್ಗೆ ಇದೆ. ಕಾಳಿದಾಸನ ಐತಿಹ್ಯ ಕೇಳಿದ ನಮಗೆ ಇದು ಹೊಸದಲ್ಲ! ಬಂಧುವಾದ ಲೇಖಕಿ ಮೋನಿಕಾ ಹುನಿಯುಸ್ 1921ರಲ್ಲಿ ಅವರ ನೆನಪಿಗೆಂದೇ ಒಂದು ಪುಸ್ತಕ ಬರೆದರು. ಮೊಮ್ಮಗ ಮಾತ್ರ ಈ ಅಜ್ಜನನ್ನು ಕಂಡದ್ದೇ ಇಲ್ಲ. ತಂದೆ ಹೇಳುತ್ತಿದ್ದ ಕಥೆಗಳಲ್ಲಷ್ಟೇ ಪರಿಚಯ. ಭಕ್ತಿಗೂ ನಗುವಿಗೂ ಜಗಳವಿಲ್ಲವೆಂದು ಆ ಕಥೆಗಳು ಹುಡುಗನಿಗೆ ಕಲಿಸಿದವು.

1906ರಲ್ಲಿ ಹೆಸ್ಸೆ ‘ಚಕ್ರದಡಿಯಲ್ಲಿ’ ಎಂಬ ಅರ್ಥದ ಹೆಸರಿನ ಕಾದಂಬರಿ ಪ್ರಕಟಿಸಿದರು. ಅದರಲ್ಲೂ ಕಠಿಣ ಪರೀಕ್ಷೆ ಪಾಸಾಗಿ ಮೌಲ್‌ಬ್ರೊನ್ ಸೇರುವ ಹುಡುಗನಿದ್ದಾನೆ. ಅಪ್ಪ, ಮೇಷ್ಟರು, ಪಾದ್ರಿ ಎಲ್ಲರೂ ಅವನ ಅಂಕಗಳನ್ನು ನೋಡುತ್ತಾರೆ. ತಾಯಿ ಇಲ್ಲದ ಆ ಮನೆಯಲ್ಲಿ ನಗುವ ಅಜ್ಜನ ಸುಳಿವಿಲ್ಲ. ಕೊನೆಗೆ ಹುಡುಗ ನದಿಯ ಪಾಲಾಗುತ್ತಾನೆ.

ಕಾಲ್ವ್‌ನ ಸೇತುವೆಯ ಕೆಳಗೆ ಹರಿಯುವ ನಾಗೋಲ್ಡ್ ನೋಡಲು ಶಾಂತ ನದಿ. ಹೆಸ್ಸೆ ಬಾಲ್ಯದಲ್ಲಿ ಮೀನು ಹಿಡಿದದ್ದು ಅದರಲ್ಲೇ, ಕಾದಂಬರಿಯ ಊರಿಗೆ ಮಾದರಿಯಾದದ್ದೂ ಈ ಊರೇ. ಕಥೆಯ ಹುಡುಗ ಮುಳುಗಿದ, ಬರೆದ ಹುಡುಗ ಉಳಿದು ಎಂಬತ್ತೈದು ವರ್ಷ ಬಾಳಿದ. ಇಬ್ಬರ ನಡುವಿನ ಅಂತರಕ್ಕೆ ಕಾರಣಗಳು ಹಲವಿರಬಹುದು. ಪರೀಕ್ಷೆಯ ಫಲಿತಾಂಶಗಳು ಬರುವ ದಿನಗಳಲ್ಲಿ ನಮ್ಮ ಮನೆಗಳ ಹಿರಿಯರು ಅವುಗಳಲ್ಲಿ ಒಂದನ್ನಾದರೂ ನೆನಪಿಟ್ಟುಕೊಳ್ಳಬಹುದು: ನಡುಗುತ್ತ ಬಾಗಿಲಿಗೆ ಬಂದ ಮಗುವಿಗೆ ಮೊದಲು ಸಿಕ್ಕಿದ್ದು ಒಂದು ತಮಾಷೆಯ ಮಾತು.