ಎಳ್ಳ ಅಮಾಸಿಯಿಂದ ಸಂಕ್ರಾಂತಿ ತನಕ: ಗುಡ್ಡಕ್ಕ ಯಾವಾಗ, ಹೊಳಿಗಿ ಯಾವಾಗ



ತೊಗರಿ ರಾಶಿ ನಡದದ, ಬರಿಲಾಕ ಪುರಸೊತ್ತು ಕಮ್ಮಿ. ಆದ್ರ ಎಳ್ಳ ಅಮಾಸಿ ಮುಗೀತು, ಇನ್ನ ಸಂಕ್ರಾಂತಿ ಬರ್ತದ. ಬೆಂಗಳೂರು, ಪುಣಾ, ಹೈದರಾಬಾದಕ್ಕ ದುಡಿಲಾಕ ಹೋದವರು ಮಕ್ಕಳು ಮರಿ ಕಟಗೊಂಡು ಊರಿಗಿ ಬರ್ತಾರ. ಬಂದ ಮರುದಿನಾನೇ ಗುಡ್ಡ ಹತ್ತೂಣು, ಹೊಳ್ಯಾಗ ಈಸೂಣು ಅಂತ ಗಂಟು ಬೀಳ್ತಾರ. ಕರಕೊಂಡು ಹೋಗೋರು ನಾವೇ. ಹಿಂಗಾಗಿ ಈ ಥಂಡಿ ಕಾಲದ ಹವಾ ಬಗ್ಗೆ ನಾ ನೋಡಿದ್ದು ನಾಕು ಮಾತು ಬರಿಲಾಕತ್ತೀನಿ.

ಮೊದಲ ತಾರೀಖಿನ ಮಾತು. ಎಳ್ಳ ಅಮಾಸಿ ಅಂದ್ರ ಕಡು ಥಂಡಿ ಅಂತ ಎಲ್ಲಾರೂ ತಿಳಕೊಂಡೀವಿ. ಅಮಾಸಿ ಚಂದ್ರನ ಲೆಕ್ಕ, ಥಂಡಿ ಸೂರ್ಯನ ಲೆಕ್ಕ. 2024ರ ಜನವರಿ 11ಕ್ಕ ಒಂದು ಎಳ್ಳ ಅಮಾಸಿ ಬಂತು, ಅದೇ ವರ್ಷ ಡಿಸೆಂಬರ್ 30ಕ್ಕ ಮತ್ತೊಂದು ಬಂತು. 2025ರಾಗ ಡಿಸೆಂಬರ್ 19ಕ್ಕೇ ಬಂತು. ಅಧಿಕ ಮಾಸ ಬಿದ್ದ ವರ್ಷ ಮತ್ತ ಜನವರಿಗೆ ಹಿಂದ ಸರೀತದ. ಅಂದ್ರ ಹಬ್ಬ ಅದೇ, ಚರಗ ಅದೇ, ಸಜ್ಜಿ ರೊಟ್ಟಿ ಭಜ್ಜಿ ಅದೇ, ಹವಾ ಮಾತ್ರ ಬ್ಯಾರೆ ಬ್ಯಾರೆ. ಸಂಕ್ರಾಂತಿ ಹಂಗಲ್ಲ. ಜನವರಿ 14 ಇಲ್ಲಾ 15 ಬಿಟ್ಟು ಹೋಗೂದಿಲ್ಲ. ವರ್ಷದಿಂದ ವರ್ಷಕ್ಕ ಹವಾ ತಾಳೆ ಹಾಕಬೇಕಂದ್ರ ಸಂಕ್ರಾಂತಿ ಹಿಡೀರಿ.

ಎರಡನೇದು, ಸಂಕ್ರಾಂತಿ ಬಂತು, ಹೊತ್ತು ಲಗೂನ ಹುಟ್ತದ ಅಂತ ಮಂದಿ ಅಂತಾರ. ಇದು ಖರೇ ಅಲ್ಲ ನೋಡ್ರಿ. ಡಿಸೆಂಬರ್ 22ರ ಆಸುಪಾಸು ಹಗಲು ಭಾಳ ಸಣ್ಣದು, ಆಮ್ಯಾಲೆ ಹಗಲು ಬೆಳೀತದ, ಆದ್ರ ಬೆಳಿಯೂದು ಸಂಜಿ ಕಡಿಗೆ. ನಮ್ಮ ಕಡಿ ಡಿಸೆಂಬರ್ ಕಡೀಕ ಮುಂಜಾನಿ ಸುಮಾರು 6.45ರ ಮ್ಯಾಲೆ ಹೊತ್ತು ಹುಟ್ಟಿದ್ರ, ಸಂಕ್ರಾಂತಿಗಿ ಇನ್ನಾ ಜರಾ ತಡಾ ಆಗಿ 6.50 ದಾಟ್ತದ. ಆದ್ದರಿಂದ ಐದಕ್ಕ ಎದ್ದು ಗುಡ್ಡಕ್ಕ ಹೊಂಟರ ಒಂದೂವರೆ ತಾಸು ಪೂರಾ ಕತ್ತಲದಾಗ, ಥಂಡ್ಯಾಗ ಕೂಡಬೇಕಾಗ್ತದ.

ಈಗ ಥಂಡಿ ಎಲ್ಲಿ ಕೂಡ್ತದ ಅನ್ನೂದು. ನನಗ ಎರಡು ಕಡಿ ಹೊಲ ಅದಾವ. ಒಂದು ಗುಡ್ಡದ ಬುಡಕ್ಕ ಮಸಾರಿ, ಇನ್ನೊಂದು ಹಳ್ಳದ ದಂಡಿಗಿ ಎರಿ. ಮೋಡ ಇಲ್ಲದ ರಾತ್ರಿ, ಗಾಳಿ ನಿಂತಿತ್ತಂದ್ರ, ಮುಂಜಾನಿ ಐದಕ್ಕ ಹಳ್ಳದ ಹೊಲದಾಗ ಗುಡ್ಡದ ಹೊಲಕ್ಕಿಂತ ಎರಡು ಮೂರು ಡಿಗ್ರಿ ಕಮ್ಮಿ ಇರ್ತದ. ಎರಡೂ ಕಡಿ ಥರ್ಮಾಮೀಟರ್ ಕಟ್ಟಿ ನೋಡೀನಿ. ಕಾರಣ ಸರಳ ಅದ. ರಾತ್ರಿ ನೆಲ ತನ್ನ ಕಾವು ಮುಗಿಲಿಗಿ ಬಿಟ್ಟು ತಣ್ಣಗಾಗ್ತದ, ಅದಕ್ಕ ಹತ್ತಿದ ಗಾಳೀನೂ ತಣ್ಣಗಾಗಿ ಭಾರ ಆಗ್ತದ. ಭಾರ ಆದ ಗಾಳಿ ನೀರು ಹರದಂಗ ತಗ್ಗಿಗಿ ಹರದು ಹಳ್ಳದಾಗ ನಿಲ್ತದ. ಮ್ಯಾಲಿನ ಬಂಡಿಗಲ್ಲು ಹಗಲೆಲ್ಲಾ ಕುಡದ ಬಿಸಿಲು ರಾತ್ರಿ ಸಾವಕಾಶ ಬಿಡ್ತದ. ಗುಡ್ಡ ಎತ್ತರ ಅದ, ಅಲ್ಲಿ ಥಂಡಿ ಜಾಸ್ತಿ ಅಂತ ಅಂದ್ಕೊಂಡು ಸಣ್ಣ ಮಕ್ಕಳನ್ನ ಹಳ್ಳದ ದಂಡಿಗಿ ಮಲಗಿಸೋರು ಅದಾರ. ಮಲಗೂದೇ ಇದ್ರ ಗುಡ್ಡದ ಬುಡಕ್ಕ, ಜರಾ ಏರಿನ ಮ್ಯಾಲೆ ಮಲಗ್ರಿ. ಮೊಬೈಲದಾಗ ಮೇಘದೂತ ಆ್ಯಪ್ ತೋರಿಸೂದು ದೊಡ್ಡ ಪ್ರದೇಶದ ಲೆಕ್ಕ. ನಿಮ್ಮ ಹಳ್ಳದ ತಗ್ಗು ಅದಕ್ಕ ಗೊತ್ತಿಲ್ಲ.

ಈ ನಿಂತ ಥಂಡಿ ಒಡಿಯೂದು ಬಿಸಿಲು ಏರಿ ಹತ್ತು ಹನ್ನೊಂದು ಗಂಟೆಕ್ಕ. ಅವಾಗ ಮೂಡಗಾಳಿ ಏಳ್ತದ. ನನಗ ಜೀವ ಹಾರೂದು ಇಲ್ಲಿ. ಮುಂಜಾನಿ ಏಳಕ್ಕ ಹುಡುಗರು ಗುಡ್ಡದ ಮ್ಯಾಲೆ ಬೆಂಕಿ ಕಾಯಿಸ್ತಾರ. ಗಾಳಿ ಇಲ್ಲ, ಬೆಂಕಿ ಸುಮ್ಮನ ಉರೀತದ. ಬೂದಿ ಮುಚ್ಚಿ ಇಳದು ಬರ್ತಾರ. ಹನ್ನೊಂದಕ್ಕ ಗಾಳಿ ಬಂದು ಬೂದಿ ಹಾರಿಸ್ತದ, ಕೆಳಗ ಕೆಂಡ ಹಂಗೇ ಇರ್ತದ. ಗುಡ್ಡದ ಹುಲ್ಲು ಒಣಗಿ ಬಣಬಣ ಅಂತಿರ್ತದ, ಅದರ ಬುಡಕ್ಕ ನಮ್ಮ ತೊಗರಿ ಬಣವಿ. ಆರು ತಿಂಗಳ ದುಡಿಮಿ ಅರ್ಧ ತಾಸಿನಾಗ ಹೋಗ್ತದ. ಬೆಂಕಿ ಕಾಯಿಸೂದೇ ಇದ್ರ ಎರಡು ಕೊಡ ನೀರು ಒಯ್ರಿ, ನೀರು ಹೊಯ್ದು ಕೈ ಇಟ್ಟು ನೋಡಿ ಇಳೀರಿ.

ಹೆಜ್ಜೇನಿಂದೂ ಹಂಗೇ. ಬಂಡಿಗಲ್ಲಿನ ಸಂದ್ಯಾಗ ಹುಟ್ಟು ಕಟ್ಟಿರ್ತಾವ. ಮುಂಜಾನಿ ಥಂಡಿಗಿ ಸುಮ್ಮನಿರ್ತಾವ, ಬಿಸಿಲಾದ ಮ್ಯಾಲೆ ಹೊಗಿ ತಾಗಿತಂದ್ರ ಏಳ್ತಾವ. ಎದ್ರ ಕೈ ಬೀಸಬ್ಯಾಡ್ರಿ. ಟವೆಲ್ಲೋ ಕಂಬಳ್ಯೋ ಮಾರಿಗಿ ಸುತಗೊಂಡು ದೂರ ಓಡ್ರಿ. ನೀರಾಗ ಮುಳುಗಿದ್ರ ಬಿಡ್ತಾವ ಅನ್ನೂದು ಸುಳ್ಳು, ಮ್ಯಾಲೇ ಸುತ್ತತಿರ್ತಾವ.

ಮೈಲಾಪುರ ಮಲ್ಲಯ್ಯನ ಜಾತ್ರಿಗಿ ಹೋಗೋರಿಗೂ ಒಂದು ಮಾತು. ಸಂಕ್ರಾಂತಿಗಿ ಅಲ್ಲಿ ಆಂಧ್ರ, ತೆಲಂಗಾಣ ಕಡಿಯಿಂದ್ಲೂ ಮಂದಿ ಬರ್ತಾರ. ಮುಂಜಾನಿ ಇಬ್ಬನಿ ಬಿದ್ದ ಕಲ್ಲಿನ ಮ್ಯಾಲೆ ಭಂಡಾರ ಬಿತ್ತಂದ್ರ ಎಣ್ಣಿ ಹಚ್ಚಿದಂಗ ಜಾರ್ತದ. ವಯಸ್ಸಾದವರನ್ನ ಇಬ್ಬನಿ ಆರಿದ ಮ್ಯಾಲೆ, ಒಂಬತ್ತರ ನಂತರ ಹತ್ತಸ್ರಿ.

ಮೋಡದ ದಿನ ಎಲ್ಲಾ ಲೆಕ್ಕ ತಿರುವುಮುರುವು. ಬಂಗಾಳ ಕೊಲ್ಲ್ಯಾಗ ವಾಯುಭಾರ ಕುಸೀತಂದ್ರ, 2024ರ ಫೆಂಗಲ್ ಚಂಡಮಾರುತ ಪುದುಚೇರಿ ಹತ್ರ ದಡಕ್ಕ ಬಂದಾಂಗ, ಅಷ್ಟು ದೂರದ್ದು ಇಲ್ಲಿ ತನಕ ಮೋಡ ತರಬಹುದು. ಮೋಡ ಕಂಬಳಿ ಇದ್ದಂಗ, ರಾತ್ರಿ ನೆಲದ ಕಾವು ಹೋಗಗೊಡೂದಿಲ್ಲ. ತಿರುಗಾಡೋರಿಗಿ ಛಲೋ, ನಮಗಲ್ಲ. ಕೊಯ್ದ ತೊಗರಿ ತೊಯ್ದೀತು, ಕಡಲಿಗಿ ಹುಳ ಬಿದ್ದೀತು. ಅಂಥಾ ದಿನ ವರುಣ ಮಿತ್ರಕ್ಕ ಒಂದು ಫೋನ್ ಮಾಡಿ ಮಳಿ ಕೇಳೂದು ನನ್ನ ರೂಢಿ.

ಹೊಳಿ ಮಾತು ಕಡೀಕ ಇಟ್ಟೀನಿ, ಯಾಕಂದ್ರ ಅದು ಭಾರ. ಮುಂಜಾನಿ ಭೀಮಾ ಮ್ಯಾಲೆ ಹೊಗಿ ಎದ್ದಂಗ ಕಾಣ್ತದಲ್ಲ, ಅದು ನೀರು ಗಾಳಿಗಿಂತ ಬೆಚ್ಚಗ ಇರೂದರ ಗುರ್ತು. ನೀರಾಗ ಇರೂತನಕ ಥಂಡಿ ಹತ್ತೂದಿಲ್ಲ. ಹೊರಗ ಬಂದು ತೊಯ್ದ ಮೈಗಿ ಗಾಳಿ ಬಡದಾಗ ನಡುಕ ಶುರು. ಕೂಸು, ಮುದುಕರು ಇದ್ರ ಒಣ ಅರಿವಿ ದಂಡ್ಯಾಗೇ ತಯಾರ ಇರ್ಲಿ. ಆದ್ರ ಥಂಡಿಗಿಂತ ಆಳ ದೊಡ್ಡದು. ಮಳಿಗಾಲ ಮುಗದ ಮ್ಯಾಲೆ ಬ್ಯಾರೇಜ್ ಗೇಟ್ ಹಾಕಿ ನೀರು ನಿಲ್ಲಸ್ತಾರ, ಹಿಂಗಾಗಿ ಬ್ಯಾರೇಜಿನ ಮ್ಯಾಲ್ಕಡಿ ಥಂಡಿ ಕಾಲದಾಗ ಹೊಳಿ ತುಂಬಿ ನಿಂತಿರ್ತದ. ಅಲೆ ಇಲ್ಲ, ಸೆಳವು ಇಲ್ಲ, ಕನ್ನಡಿ ಇದ್ದಂಗ. ಕೆಳಗ ಉಸುಕು ತಗದ ತಗ್ಗು ಇರ್ತಾವ. ಮೊಣಕಾಲು ನೀರಿನಿಂದ ಒಂದು ಹೆಜ್ಜಿ ಮುಂದ ಇಟ್ರ ಎರಡಾಳು. ಭಾಳ ವರ್ಷದ ಹಿಂದ ಹಬ್ಬಕ್ಕ ಬಂದ ಹುಡುಗನೊಬ್ಬ, ಇನ್ನೂ ಕಾಲೇಜಿಗಿ ಹೋಗಾಂವ, ಹಂಗೇ ಹೋದ. ಮಧ್ಯಾಹ್ನ ಹನ್ನೆರಡು, ಸ್ವಚ್ಛ ಬಿಸಿಲು. ದಂಡ್ಯಾಗ ಅವರವ್ವ ಬುತ್ತಿ ಬಿಚ್ಚಲಾಕತ್ತಿದ್ಲು. ಅವನ ಹೆಣ ಎತ್ತಿದವರಾಗ ನಾನೂ ಒಬ್ಬ.

ಕೃಷ್ಣಾ ಕಡಿ, ನಾರಾಯಣಪುರ ಡ್ಯಾಮಿನ ಕೆಳಗ ಛಾಯಾ ಭಗವತಿಗಿ ಪುಣ್ಯಸ್ನಾನಕ್ಕ ಹೋಗೋರು ಮತ್ತೊಂದು ನೆನಪಿಡ್ರಿ. ಮುಗಿಲಾಗ ಮೋಡ ಇಲ್ಲಂದ್ರ ನೀರು ಏರೂದಿಲ್ಲ ಅನ್ನೂ ಹಂಗಿಲ್ಲ. ಡ್ಯಾಮಿನ ನೀರು ಮುಗಿಲು ನೋಡಿ ಬಿಡೂದಿಲ್ಲ. ಬಂಡಿಗಲ್ಲಿನ ನಡುವ ಕೂಡಬ್ಯಾಡ್ರಿ, ದಂಡ್ಯಾಗೇ ಮುಳುಗು ಹಾಕಿ ಬರ್ರಿ.

ಈ ಸಲ ನಮ್ಮ ಮನಿ ಹನ್ನೊಂದು ಮಂದಿ. ಎಂಟಕ್ಕ ಗುಡ್ಡ, ಹನ್ನೊಂದರೊಳಗ ಕೆಳಗ. ಹೊಳಿಗಿ ಮಧ್ಯಾಹ್ನ, ದಂಡ್ಯಾಗ ತಂಬಿಗಿ ಸ್ನಾನ. ಟ್ರ್ಯಾಕ್ಟರದಾಗ ಮೂವತ್ತು ಮೊಳದ ಹಗ್ಗ, ಗಾಳಿ ತುಂಬಿದ ಒಂದು ಹಳೇ ಟ್ಯೂಬ್ ಇಟ್ಟೀನಿ. ಮೊಮ್ಮಗ ಸಿಟ್ಟಾಗ್ಯಾನ, ಈಸಬೇಕಂತ. ನಮ್ಮ ಬಾವ್ಯಾಗ ಬ್ಯಾಸಿಗಿಗಿ ಸೊಂಟಕ್ಕ ಬೆಂಡು ಕಟ್ಟಿ ಕಲಸ್ತೀನಿ ಅಂತ ಹೇಳೀನಿ. ನಿಮ್ಮ ಹೊಲದ ಹತ್ರ ಹೊಳ್ಯಾಗ ತಗ್ಗು ಎಲ್ಲೆಲ್ಲಿ ಅದಾವ ಗೊತ್ತಿದ್ರ ಕೆಳಗ ಬರೀರಿ. ಜಾಗ ಹೇಳಿದ್ರ ಸಾಕು, ಅಲ್ಲಿಗಿ ಹೋಗೂ ಮಂದಿಗಿ ನಾ ಫೋನ್ ಮಾಡಿ ತಿಳಸ್ತೀನಿ.